ಹೊತ್ತವರ ಹೆಸರು

ತೆಂಗಿನ ಸೀಮೆಯಲ್ಲಿ ನೆರಳಿಗೆ ಬರವಿಲ್ಲ. ಕಾರು ನಿಲ್ಲಿಸಬಹುದಾದ ನೆರಳಿಗೆ ಮಾತ್ರ ಬರ. ತಿಪಟೂರಿನಿಂದ ಹೊರಟು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಎಡಕ್ಕೆ ಹೊರಳಿದರೆ ಚಿಕ್ಕನಾಯಕನಹಳ್ಳಿ, ಬಲಕ್ಕೆ ಹೊರಳಿದರೆ ತುರುವೇಕೆರೆ. ಯಾವ ಕಡೆ ಹೋದರೂ ರಸ್ತೆಯ ಎರಡೂ ಬದಿಗೆ ತೋಟ, ತೋಟದಾಚೆ ಇನ್ನೊಂದು ತೋಟ. ಹೊರಗಿನಿಂದ ಬಂದವರು ತಂಪು ಕಂಡಲ್ಲಿ ಗಾಡಿ ನಿಲ್ಲಿಸಿ ಇಳಿಯುತ್ತಾರೆ. ನಮ್ಮ ಕಡೆಯವರು ಮೊದಲು ತಲೆ ಎತ್ತಿ ಮೇಲೆ ನೋಡುತ್ತಾರೆ: ಗೊನೆ ಎಷ್ಟು ಬಲಿತಿದೆ, ಒಣಗಿದ ಗರಿ ಯಾವುದು ಜೋತುಬಿದ್ದಿದೆ, ಗಾಳಿ ಎತ್ತ ಬೀಸುತ್ತಿದೆ. 50-60 ಅಡಿ ಎತ್ತರದಿಂದ ಬಿದ್ದ ಒಂದು ಕಾಯಿ ಕಾರಿನ ನೆತ್ತಿಯನ್ನು ತಗ್ಗು ಮಾಡಲು ಸಾಕು. ಗಾಜಿನ ಮೇಲೆ ಬಿದ್ದರಂತೂ ಕೇಳುವುದೇ ಬೇಡ. ಅಪಾಯ ಎಲ್ಲಿಂದ ಬಂದೀತೆಂದು ಅದು ಬರುವ ಮೊದಲೇ ನೋಡಿಕೊಳ್ಳುವ ಈ ಅಭ್ಯಾಸ ಇಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡದೆಯೇ ಬಂದುಬಿಡುತ್ತದೆ. ಹಳೆಯ ಕಾರೊಂದನ್ನು ದೂರದೂರಿಗೆ ಸಾಗಿಸುವ ಕೆಲಸದಲ್ಲಿ ನಾನು ಕಂಡ ಜಾಣ್ಮೆಯೆಲ್ಲ ಈ ಒಂದು ಅಭ್ಯಾಸದಿಂದಲೇ ಹುಟ್ಟಿದ್ದು.

ಈ ಸೀಮೆಯ ಕೆಲವು ಮನೆಗಳಲ್ಲಿ ಹಳೆಯ ಕಾರುಗಳು ಉಳಿದಿರುವುದಕ್ಕೆ ಕಾರಣ ಕೊಬ್ಬರಿ. ತಿಪಟೂರಿನ ಮಾರುಕಟ್ಟೆಯಿಂದ ಉಂಡೆ ಕೊಬ್ಬರಿ ದೆಹಲಿ, ರಾಜಸ್ಥಾನ, ಗುಜರಾತು, ಮಹಾರಾಷ್ಟ್ರದವರೆಗೆ ಹೋಗುತ್ತದೆ. ಬೆಲೆ ಏರಿದ ವರ್ಷ ವರ್ತಕರ ಮನೆ ಮುಂದೆ ಕಾರು ಬಂದು ನಿಂತಿತು. ಬೆಲೆ ಬಿದ್ದ ವರ್ಷಗಳಲ್ಲಿ ಅದನ್ನು ಮಾರಲು ಮನಸ್ಸಾಗದೆ ಕೊಟ್ಟಿಗೆಯ ಪಕ್ಕಕ್ಕೆ ಸರಿಸಿ, ಮೇಲೊಂದು ತಾಡಪಾಲು ಹೊದಿಸಿದರು. ನಮ್ಮ ಸಂಬಂಧಿಕರೊಬ್ಬರ ಮನೆಯ ಫಿಯೆಟ್ ಉಳಿದದ್ದು ಹೀಗೆ. 1960ರ ದಶಕದ ಮೊದಲ ವರ್ಷಗಳ ಫಿಯೆಟ್ 1100 ಸೂಪರ್ ಸೆಲೆಕ್ಟ್. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿಂದ ಬಂದದ್ದು. 1089 ಸಿಸಿ ಎಂಜಿನು, ಸ್ಟೀರಿಂಗಿನ ಕತ್ತಿಗೇ ಅಂಟಿಕೊಂಡ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಮುಂದಿನ ಬಾಗಿಲುಗಳ ಕೀಲು ಹಿಂಬದಿಗಿರುವುದರಿಂದ ಅವು ಈಗಿನ ಕಾರುಗಳ ಬಾಗಿಲಿಗೆ ಉಲ್ಟಾ ತೆರೆದುಕೊಳ್ಳುತ್ತವೆ. ಅದೇ ವಂಶದ ಕಾರು ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ಮುಂಬಯಿಯ ಟ್ಯಾಕ್ಸಿಯಾಗಿ ಓಡಿದ್ದನ್ನು ಎಲ್ಲರೂ ಬಲ್ಲರು. ಪರ್ಮಿಟ್ಟಿನ ಕಾಲದಲ್ಲಿ ಫಿಯೆಟ್ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ತಂದ ವಸ್ತುವನ್ನು ನಮ್ಮ ಹಿರಿಯರು ಮನೆಯ ಒಬ್ಬ ಸದಸ್ಯನೆಂದೇ ತಿಳಿದಿದ್ದರು.

ಆ ಕಾರಿಗೆ ಮರುಜೀವ ಬಂದದ್ದು ಮೊಮ್ಮಕ್ಕಳ ಕಾಲದಲ್ಲಿ. ತಿಪಟೂರಿನ ಒಬ್ಬ ಮೇಸ್ತ್ರಿ, ತುಮಕೂರಿನ ಒಬ್ಬ ಬಣ್ಣದವರು, ಬೆಂಗಳೂರಿನ ಹಳೆಯ ಬಿಡಿಭಾಗಗಳ ಅಂಗಡಿಗಳು, ಇಷ್ಟೂ ಸೇರಿ ಅದನ್ನು ಮೊದಲಿದ್ದ ರೂಪಕ್ಕೆ ತಂದವು. ಸೀಟು ಬಿಚ್ಚಿದ ದಿನ ಒಳಗಿನಿಂದ ಕಂದು ಬಣ್ಣದ ನಾರು ಪುಡಿಪುಡಿಯಾಗಿ ಉದುರಿತು. ಹಿಂದಿನ ಕಾಲದ ಹಲವು ಕಾರುಗಳ ಸೀಟಿನೊಳಗೆ ತುಂಬುತ್ತಿದ್ದದ್ದು ತೆಂಗಿನ ನಾರನ್ನೇ. ರಬ್ಬರಿನ ಹಾಲು ಹಾಯಿಸಿ ಗಟ್ಟಿ ಮಾಡಿದ ನಾರು. ನೆರೆದವರಿಗೆಲ್ಲ ಅದನ್ನು ನೋಡಿ ಹಿಗ್ಗೋ ಹಿಗ್ಗು. ಮತ್ತೆ ನಾರನ್ನೇ ತುಂಬಬೇಕೆಂದು ಮನೆಯವರು ಹಟ ಹಿಡಿದರು, ತುಂಬಿಸಿದರು.

ಕಾರು ಸಿದ್ಧವಾದ ಮೇಲೆ ದೆಹಲಿಯ ಕಡೆಯ ಒಂದು ಪ್ರದರ್ಶನಕ್ಕೆ ಅದನ್ನು ಕಳಿಸುವ ಮಾತು ಬಂತು. ಉತ್ತರದಲ್ಲಿ ಇಂಥ ಮೇಳಗಳಿಗೆ ಈಗ ದೊಡ್ಡ ಹೆಸರಿದೆ. ದೆಹಲಿಯಲ್ಲಿ 2011ರಲ್ಲಿ ಶುರುವಾದ 21 ಗನ್ ಸೆಲ್ಯೂಟ್ ಮೇಳಕ್ಕೆ ಹೊರದೇಶದ ಕಾರುಗಳೂ ಬರುತ್ತವೆ. ನಮ್ಮಲ್ಲೂ ಮೈಸೂರಿನ ದಸರೆಯ ಹೊತ್ತಿಗೆ ಹಳೆಯ ಕಾರುಗಳ ಮೆರವಣಿಗೆ ನಡೆದದ್ದುಂಟು. ಮೈಸೂರಾದರೆ ಒಂದು ಬೆಳಗಿನ ದಾರಿ. ದೆಹಲಿ ಹಾಗಲ್ಲ, 2,000 ಕಿಲೋಮೀಟರಿಗೂ ಮೀರಿದ್ದು.

ಓಡಿಸಿಕೊಂಡೇ ಹೋಗೋಣ ಎಂದವರಿದ್ದರು. ಕಾರು ಇರುವುದೇ ಓಡುವುದಕ್ಕೆ ಎಂಬ ಮಾತು ಕೇಳಲು ಚೆನ್ನ. ಆದರೆ ಆ ಕಾಲದ ಡ್ರಮ್ ಬ್ರೇಕನ್ನು ಈ ಕಾಲದ ಹೆದ್ದಾರಿಯ ವೇಗದ ನಡುವೆ ಬಿಡುವುದು ಕಾರಿಗೂ ಕ್ಷೇಮವಲ್ಲ, ಪಕ್ಕದವರಿಗೂ ಕ್ಷೇಮವಲ್ಲ. ಇದಕ್ಕೊಂದು ಕಾನೂನಿನ ಮುಖವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದೇ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಮೈ, ಎಂಜಿನುಗಳನ್ನು ಬದಲಾಯಿಸದೆ ಮೂಲ ರೂಪದಲ್ಲೇ ಕಾಪಾಡಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಸಲ್ಲುತ್ತದೆ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ಜೊತೆಗೆ ವಿಎ ಎಂದು ಸೇರುತ್ತದೆ. ಹೀಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ಹಾಕಿಸುವುದು, ರಿಪೇರಿ ಇಂಥವಕ್ಕೆ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ನಿಯಮದ ಆಶಯ ಸರಿಯಾಗಿಯೇ ಇದೆ. ಇಷ್ಟು ವರ್ಷ ಬಾಳಿದ ಗಾಡಿಯನ್ನು ಇನ್ನು ಮೇಲೆ ಯಾರಾದರೂ ಹೊತ್ತು ನಡೆಯಬೇಕು.

ಹೊರುವವರು ಯಾರು? ಒಂದು ಕಾಲದಲ್ಲಿ ರೈಲು. ಹಡಗಿನಲ್ಲಿ ಬಂದಿಳಿದ ಕಾರುಗಳು ಬಂದರಿನಿಂದ ಒಳನಾಡಿಗೆ ರೈಲಿನಲ್ಲೇ ಬರುತ್ತಿದ್ದವು. ಈಗಲೂ ಕಾರ್ಖಾನೆಯ ಹೊಸ ಕಾರುಗಳನ್ನು ರೈಲು ಸಾಗಿಸುತ್ತದೆ; ವಯಸ್ಸಾದ ಪ್ರಯಾಣಿಕರ ಬೋಗಿಗಳ ಸೀಟು ಕಿತ್ತು, ಕಿಟಕಿ ಮುಚ್ಚಿ, ತುದಿಯಲ್ಲಿ ಬಾಗಿಲಿಟ್ಟು ಅದಕ್ಕೆಂದೇ ಮಾರ್ಪಡಿಸಿದ್ದಾರೆ. ಆದರೆ ಅದು ಇಡೀ ರೈಲು ತುಂಬುವಷ್ಟು ಕಾರು ಇರುವವರ ವ್ಯವಹಾರ. ಒಂದೇ ಒಂದು ಕಾರಿನವರಿಗೆ ರಸ್ತೆಯೇ ಗತಿ. ಅದರಲ್ಲೂ ಎರಡು ದಾರಿ: ತೆರೆದ ಟ್ರೇಲರು, ಇಲ್ಲವೇ ಮುಚ್ಚಿದ ಕಂಟೇನರು. ತೆರೆದದ್ದಕ್ಕೆ ಬಾಡಿಗೆ ಕಡಿಮೆ. ಆದರೆ ಮುಂದಿನ ಲಾರಿಯ ಚಕ್ರದಿಂದ ಸಿಡಿದ ಕಲ್ಲು, ದಾರಿಯ ಧೂಳು, ಅಕಾಲದ ಮಳೆ ಎಲ್ಲಕ್ಕೂ ಕಾರು ಮೈಯೊಡ್ಡಬೇಕು. ಬಟ್ಟೆ ಹೊದಿಸಿದರಾಯಿತು ಎಂದುಕೊಳ್ಳುವುದು ಎಲ್ಲಕ್ಕಿಂತ ಅಪಾಯ. ಗಾಳಿಗೆ ಪಟಪಟ ಬಡಿದುಕೊಳ್ಳುವ ಹೊದಿಕೆ, ಒಳಗೆ ಸೇರಿದ ಧೂಳಿನ ಜೊತೆಗೂಡಿ, ದೆಹಲಿ ಮುಟ್ಟುವ ಹೊತ್ತಿಗೆ ಬಣ್ಣವನ್ನು ಉಜ್ಜಿ ಉಜ್ಜಿ ಮಂಕಾಗಿಸಿರುತ್ತದೆ. ಅದೂ ಅಲ್ಲದೆ ನಮ್ಮ ಫಿಯೆಟ್ಟಿನ ಬಾಗಿಲು ಉಲ್ಟಾ ತೆರೆಯುವಂಥದ್ದು. ಚಿಲಕ ಸ್ವಲ್ಪ ಸಡಿಲವಾದರೂ ಎದುರುಗಾಳಿ ಒಳನುಗ್ಗಿ ಬಾಗಿಲನ್ನೇ ಕಿತ್ತೆಸೆದೀತು. ಹಾಗಾಗಿ ಮುಚ್ಚಿದ ಕಂಟೇನರೇ ಎಂದು ತೀರ್ಮಾನವಾಯಿತು.

ಗಾಡಿಯ ಆಯ್ಕೆಗಿಂತ ಮುಖ್ಯವಾದದ್ದು ಆಳಿನ ಆಯ್ಕೆ. ಬಂದ ಚಾಲಕರು ಚಿಕ್ಕನಾಯಕನಹಳ್ಳಿ ಕಡೆಯವರು. ಹರೆಯದಲ್ಲಿ ತಿಪಟೂರಿನ ಮಂಡಿಗಳಿಂದ ಉತ್ತರಕ್ಕೆ ಕೊಬ್ಬರಿ ಲಾರಿ ಓಡಿಸಿದ್ದವರು, ಆಮೇಲೆ ಕಾರು ಸಾಗಿಸುವ ಕೆಲಸಕ್ಕೆ ಸೇರಿದವರು. ಕೊಬ್ಬರಿ ಹೊತ್ತವರೆಂದು ತಿಳಿದ ಮೇಲೆ ಮನೆಯ ಹಿರಿಯರು ಅವರನ್ನು ಇನ್ನೇನೂ ಕೇಳಲಿಲ್ಲ. ಅದಕ್ಕೆ ತಕ್ಕ ಕಾರಣವಿತ್ತು.

ಉಂಡೆ ಕೊಬ್ಬರಿಯ ಬೆಲೆ ಇರುವುದು ಅದು ಇಡಿಯಾಗಿ ಉಳಿಯುವುದರಲ್ಲಿ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಕಾಯುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಅಲ್ಲಾಡಿಸಿದಾಗ ಒಳಗೆ ಗಡಗಡ ಸದ್ದು ಬಂದರೆ ಕಾಯಿ ಹಣ್ಣಾಯಿತು ಎಂದರ್ಥ. ಆಮೇಲೆ ಸುಲಿದು, ಚಿಪ್ಪು ಒಡೆಯುತ್ತಾರೆ. ಚಿಪ್ಪು ಒಡೆಯುವ ಹೆಂಗಸರ ಕೈ ನೋಡಬೇಕು. ಎಡಗೈಯಲ್ಲಿ ಕಾಯಿ ಸುತ್ತುತ್ತಿರುತ್ತದೆ, ಬಲಗೈಯ ಮಚ್ಚಿನ ಬೆನ್ನು ಸುತ್ತಲೂ ಸಣ್ಣ ಸಣ್ಣ ಏಟು ಹಾಕುತ್ತದೆ. ಏಟು ಚಿಪ್ಪಿಗೆ ತಾಗಬೇಕು, ಒಳಗಿನದಕ್ಕೆ ಗೊತ್ತಾಗಬಾರದು. ಚಿಪ್ಪು ಹೋಳುಹೋಳಾಗಿ ಕೆಳಗೆ ಬೀಳುತ್ತದೆ, ಉಂಡೆ ಒಂದು ಗಾಯವಿಲ್ಲದೆ ಅಂಗೈಗೆ ಬರುತ್ತದೆ. ಒಡೆದರೆ ಅದು ಉಂಡೆಯಲ್ಲ, ಹೋಳು. ಬೆಲೆ ಅಲ್ಲಿಗೇ ಇಳಿಯಿತು. ಅಂಥ ಸರಕನ್ನು ಚೀಲಕ್ಕೆ ತುಂಬಿ ಸಾವಿರಾರು ಕಿಲೋಮೀಟರು ದೂರ ಕಳಿಸುವಾಗ ಲಾರಿಯವರಿಗೆ ಎರಡು ಶತ್ರುಗಳು: ಪೆಟ್ಟು ಮತ್ತು ತೇವ. ತೇವ ತಾಗಿದ ಕೊಬ್ಬರಿ ಬೂಷ್ಟು ಹಿಡಿಯುವುದಷ್ಟೇ ಅಲ್ಲ, ರಾಶಿಯೊಳಗೇ ಕಾವೇರುತ್ತದೆ. ತಾನಾಗಿ ಹೊತ್ತಿಕೊಳ್ಳಬಹುದಾದ ಸರಕುಗಳ ಪಟ್ಟಿಯಲ್ಲಿ ಹಡಗಿನವರು ಕೊಬ್ಬರಿಯನ್ನೂ ಸೇರಿಸಿರುವುದು ಇದಕ್ಕೇ. ಪ್ರದರ್ಶನದ ಕಾರೂ ಉಂಡೆ ಕೊಬ್ಬರಿಯ ಜಾತಿಯದೇ. ವರ್ಷಗಟ್ಟಲೆ ಕಾದು ಸಿದ್ಧಪಡಿಸಿದ್ದು, ಇಡಿಯಾಗಿ ಇದ್ದರೆ ಮಾತ್ರ ಅದಕ್ಕೆ ಅರ್ಥ, ಪೆಟ್ಟೂ ತೇವವೂ ಎರಡೂ ಆಗದು. ಆ ಚಾಲಕರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಂಟೇನರು ಬರುವ ಹಿಂದಿನ ದಿನವೇ ಅವರು ಮನೆಗೆ ಬಂದು ಕಾರು ನೋಡಿದರು. ಮೊದಲು ತೊಳೆಯಿರಿ ಎಂದರು. ಕಳಿಸುವ ಮುನ್ನ ತೊಳೆಯುವುದೇಕೆ, ಅಲ್ಲಿ ಹೇಗೂ ತೊಳೆಯುತ್ತಾರಲ್ಲ ಎಂದರೆ, ಕೊಳೆಯ ಕೆಳಗಿನ ಗೀರು ಯಾರ ಕಾಲದ್ದು ಎಂದು ಆಮೇಲೆ ಜಗಳ ಬರಬಾರದು ಎಂದರು. ತೊಳೆದ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಸುತ್ತಲೂ ಫೋಟೊ ತೆಗೆಸಿದರು. ಇದ್ದ ಸಣ್ಣ ಪುಟ್ಟ ಗುರುತುಗಳನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಿದೆವು. ಟ್ಯಾಂಕಿನಲ್ಲಿ ಪೆಟ್ರೋಲು ಕಾಲು ಭಾಗಕ್ಕಿಂತ ಹೆಚ್ಚಿರಬಾರದು: ತೂಕವೂ ಕಡಿಮೆ, ಮುಚ್ಚಿದ ಪೆಟ್ಟಿಗೆಯಲ್ಲಿ ಆವಿಯೂ ಕಡಿಮೆ, ಹತ್ತಿಸಿ ಇಳಿಸುವುದಕ್ಕೆ ಅಷ್ಟು ಸಾಕು. ಚಕ್ರದ ಕ್ಯಾಪು, ಏರಿಯಲ್ಲು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಬೇರೆ ಪೆಟ್ಟಿಗೆಗೆ. ಟೈರಿನ ಗಾಳಿ ಸರಿಯಾಗಿರಲಿ. ಗಾಳಿ ಇಳಿಸಿದರೆ ಕಟ್ಟಿದ ಪಟ್ಟಿ ಸಡಿಲವಾಗುತ್ತದೆ. ಹಳೆಯ ಎಂಜಿನು ಎಣ್ಣೆ ತೊಟ್ಟಿಕ್ಕದೆ ಇರುವುದಿಲ್ಲ, ಕೆಳಗೊಂದು ತಟ್ಟೆ ಬೇಕು. ಮೂಲ ದಾಖಲೆಗಳು ಮನೆಯಲ್ಲಿರಲಿ, ಗಾಡಿಯಲ್ಲಿ ನಕಲು ಮಾತ್ರ. ಕಾರಿನ ಮಾಮೂಲಿ ವಿಮೆ ಇನ್ನೊಂದು ಗಾಡಿಯ ಮೇಲೆ ಕೂತ ಕಾರಿನ ನಷ್ಟಕ್ಕೆ ಬರುತ್ತದೆಂದು ನಂಬಿ ಕೂರಬೇಡಿ. ಸಾಗಣೆಯ ವಿಮೆ ಬೇರೆಯೇ ಮಾಡಿಸಿ, ಕಾರಿನ ಬೆಲೆ ಇಷ್ಟೆಂದು ಮೊದಲೇ ಒಪ್ಪಿ ಬರೆಸಿ ಎಂದರು. ಈ ಕೊನೆಯ ಮಾತು ಹಳೆಯ ಕಾರಿನವರೆಲ್ಲ ಮನಸ್ಸಿನಲ್ಲಿಡಬೇಕಾದ್ದು. ಲೆಕ್ಕದ ಪುಸ್ತಕ ಅರವತ್ತು ವರ್ಷದ ಫಿಯೆಟ್ಟಿಗೆ ಗುಜರಿಯ ಬೆಲೆ ಕಟ್ಟುತ್ತದೆ. ಅದನ್ನು ಉಳಿಸಿಕೊಂಡವರು ಕಟ್ಟುವ ಬೆಲೆ ಬೇರೆ.

ತೋಟದ ಮನೆಯ ಓಣಿಗೆ ಕಂಟೇನರು ಬರುವಂತಿರಲಿಲ್ಲ. ಕಾರೇ ತನ್ನ ಕಾಲಮೇಲೆ ಹೆದ್ದಾರಿಯ ತನಕ ಹೋಗಬೇಕಿತ್ತು. ದೂರ ಸ್ವಲ್ಪವೇ, ಆದರೆ ಇಡೀ ಪಯಣದಲ್ಲಿ ಹೆಚ್ಚು ಎದೆ ಬಡಿದುಕೊಂಡದ್ದು ಅಲ್ಲೇ. ಮುಂದೆ ಒಬ್ಬ ಹುಡುಗ ಕಾಯಿ ಕೀಳುವ ದೋಟಿ ಹಿಡಿದು, ಜೋತ ಗರಿಗಳನ್ನು ಪಕ್ಕಕ್ಕೆ ಸರಿಸುತ್ತ ನಡೆದ. ಸುಗ್ಗಿಯ ಕೊನೆಗಾಲ; ಟಾರು ರಸ್ತೆಯ ಮೇಲೆ ಹುರುಳಿ ಹರಡಿ ಒಕ್ಕುತ್ತಿದ್ದರು. ವಾಹನದ ಚಕ್ರಗಳೇ ಅಲ್ಲಿ ರೋಣಗಲ್ಲು. ಆ ಬಳ್ಳಿ ಹುಲ್ಲು ಕಾರಿನ ಹೊಟ್ಟೆಯ ಕೆಳಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿ ಬೆಂಕಿ ಹತ್ತುವುದುಂಟು. ಹಾಗಾಗಿ ಒಕ್ಕಣೆಯವರನ್ನು ಕೇಳಿಕೊಂಡೆವು. ಅವರು ಬೇಸರಿಸದೆ, ಬರಲು (ಪೊರಕೆ) ತಂದು ರಸ್ತೆಯ ಅರ್ಧವನ್ನು ಗುಡಿಸಿಕೊಟ್ಟರು. ಒಬ್ಬಾಕೆ ಕಾರಿನ ಮುಂದೆ ಒಂದು ಹೂವನ್ನೂ ಇಟ್ಟಳು.

ಹತ್ತಿಸುವ ಕೆಲಸವನ್ನು ನಾನು ಹತ್ತಿರ ನಿಂತು ನೋಡಿದೆ. ಹಳೆಯ ಕಾರನ್ನು ಎಂಜಿನ್ ಚಾಲೂ ಮಾಡಿ ಒಂದೇ ರಭಸಕ್ಕೆ ಏರಿಸುವುದು ಅವರ ಪದ್ಧತಿಯಲ್ಲ. ಇಳಿಜಾರಿನ ಹಲಗೆಗಳನ್ನು ಆದಷ್ಟು ಉದ್ದಕ್ಕೆ ಚಾಚಿದರು. ಹಲಗೆ ಉದ್ದವಾದಷ್ಟೂ ಏರು ಕಡಿಮೆ, ಕಾರಿನ ಹೊಟ್ಟೆ ಅಂಚಿಗೆ ತಾಗುವ ಭಯ ಕಡಿಮೆ. ಹಲಗೆಯ ಮೇಲೆ ಜಾರದಿರಲಿ ಎಂದು ನಾರಿನ ಚಾಪೆ ಹಾಸಿದರು. ಕೈಯಲ್ಲಿ ತಿರುಗಿಸುವ ವಿಂಚಿನಿಂದ ತಂತಿ ಹಗ್ಗ ಎಳೆಯುತ್ತ, ಒಬ್ಬರು ಸ್ಟೀರಿಂಗ್ ಹಿಡಿದು, ಒಬ್ಬರು ಎದುರಿಗೆ ನಿಂತು ಕೈಸನ್ನೆ ಮಾಡುತ್ತ, ಗೇಣು ಗೇಣಾಗಿ ಒಳಗೆ ತಂದರು. ಸಹಾಯಕ ಹುಡುಗ ಪ್ರತಿ ಗೇಣಿಗೂ ಹಿಂದಿನ ಚಕ್ರಕ್ಕೆ ಮರದ ಅಡ್ಡೆ ಕೊಡುತ್ತಲೇ ಇದ್ದ; ಹಗ್ಗ ಕಡಿದರೂ ಕಾರು ಹಿಂದಕ್ಕೆ ಉರುಳಬಾರದು. ಒಳಗೆ ಬಂದ ಮೇಲೆ ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ತುದಿಗೆ ಟೇಪು ಸುತ್ತಿದರು.

ಆಮೇಲೆ ಕಟ್ಟುವುದು. ಗಟ್ಟಿಯಾಗಿ ಕಟ್ಟಿದರೆ ಕ್ಷೇಮ ಎಂದು ಹೊರಗಿನವರು ತಿಳಿಯುತ್ತಾರೆ. ಮನೆಯ ಹುಡುಗನೊಬ್ಬ ಬಂಪರಿನ ಕೆಳಗಿನ ಕೊಂಡಿ ತೋರಿಸಿ ಅಲ್ಲಿಗೇ ಬಿಗಿಯಿರಿ ಎಂದ. ಚಾಲಕರು ಬೇಡ ಎಂದರು. "ಮೈಗೆ ಕಟ್ಟಿದ್ರೆ ಹಗ್ಗ ಸುಳ್ಳು ಹೇಳುತ್ತೆ ಸ್ವಾಮಿ" ಎಂದು ಬಿಡಿಸಿ ಹೇಳಿದರು. ಮೈಗೆ ಪಟ್ಟಿ ಹಾಕಿ ಎಳೆದಾಗ ಸ್ಪ್ರಿಂಗುಗಳು ಅದುಮಿಕೊಳ್ಳುತ್ತವೆ, ಪಟ್ಟಿ ಬಿಗಿಯಾಗಿಯೇ ಕಾಣುತ್ತದೆ. ಹಳ್ಳದಲ್ಲಿ ಲಾರಿ ಕುಕ್ಕಿದಾಗ ಸ್ಪ್ರಿಂಗು ಇನ್ನಷ್ಟು ಕೆಳಗೆ ಹೋಗಿ, ಆ ಕ್ಷಣ ಪಟ್ಟಿ ಸಡಿಲಾಗುತ್ತದೆ. ಕೊಕ್ಕೆ ಕಳಚಿದರೆ ಆಗಲೇ ಕಳಚುವುದು. ಕಳಚದಿದ್ದರೆ ಮರುಕ್ಷಣ ಮೇಲೆದ್ದ ಕಾರನ್ನು ಅದು ಜಗ್ಗುತ್ತದೆ. ಫಿಯೆಟ್ಟಿಗೆ ಬೇರೆ ಚಾಸಿ ಇಲ್ಲ, ತಗಡಿನ ಮೈಯೇ ಅದರ ಎಲುಬು. ಸಾವಿರಾರು ಜಗ್ಗಾಟ ತಿಂದ ತಗಡು ಮೊದಲಿದ್ದ ಆಕಾರದಲ್ಲಿರುವುದಿಲ್ಲ. ಆದ್ದರಿಂದ ಅವರು ಕಟ್ಟುವುದು ಚಕ್ರಕ್ಕೆ. ಟೈರಿನ ಮೇಲೆ ಅಗಲವಾದ ಪಾಲಿಯೆಸ್ಟರ್ ಪಟ್ಟಿ ಹಾಯಿಸಿ, ಮುಂದೊಂದು ಹಿಂದೊಂದು ಕಡೆ ನೆಲದ ಕಬ್ಬಿಣದ ಬಳೆಗೆ ಸಿಕ್ಕಿಸಿ, ರ‍್ಯಾಚೆಟ್ಟಿನ ಹಿಡಿಯನ್ನು ಕಟಕಟನೆ ಎಳೆದರು. ನಾಲ್ಕು ಚಕ್ರವೂ ನೆಲಕ್ಕೆ ಅಂಟಿದವು. ಆಮೇಲೆ ಕಾರಿನ ಮೂಲೆಯೊಂದನ್ನು ಅಂಗೈಯಿಂದ ಒತ್ತಿ ತೋರಿಸಿದರು: ಚಕ್ರ ಅಲುಗಲಿಲ್ಲ, ಮೈ ಮಾತ್ರ ತನ್ನ ಸ್ಪ್ರಿಂಗಿನ ಮೇಲೆ ಮೆತ್ತಗೆ ಇಳಿದು ಎದ್ದಿತು. ಇನ್ನು ದಾರಿಯ ಕುಲುಕನ್ನೆಲ್ಲ ಅದೇ ನುಂಗಿಕೊಳ್ಳುತ್ತದೆ, ಅದಕ್ಕೆಂದೇ ಮಾಡಿದ ಸ್ಪ್ರಿಂಗು ತಾನೆ ಎಂದರು.

ಕಾಪಾಡುವುದೆಂದರೆ ಏನೆಂದು ನನಗೆ ಅಲ್ಲಿ ಅರ್ಥವಾಯಿತು. ನಾವು ಪ್ರೀತಿಸುವ ವಸ್ತುವನ್ನು ಅಲುಗದಂತೆ ಬಿಗಿದುಬಿಟ್ಟರೆ ಅದು ಉಳಿಯುವುದಿಲ್ಲ. ಅದರ ಯಾವ ಭಾಗ ನಿಲ್ಲಬೇಕು, ಯಾವ ಭಾಗ ಆಡಬೇಕು ಎಂದು ತಿಳಿದು, ನಿಲ್ಲಬೇಕಾದ್ದನ್ನು ಮಾತ್ರ ನಿಲ್ಲಿಸಬೇಕು. ಅದಕ್ಕೆ ಪ್ರೀತಿ ಸಾಲದು, ತಿಳಿವಳಿಕೆ ಬೇಕು. ಮನೆಯವರಿಗೆ ಕಾರಿನ ಮೇಲೆ ಪ್ರೀತಿ ಬೆಟ್ಟದಷ್ಟಿತ್ತು. ಅದನ್ನು ಎಲ್ಲಿ ಹಿಡಿಯಬೇಕೆಂಬ ತಿಳಿವಳಿಕೆ ಮಾತ್ರ ಆ ಚಾಲಕರ ಕೈಯಲ್ಲಿತ್ತು.

ಮೇಲೆ ಮೆತ್ತನೆಯ ಹತ್ತಿ ಬಟ್ಟೆ ಹೊದಿಸಿದರು. ಮುಚ್ಚಿದ ಕಂಟೇನರಿನಲ್ಲಿ ಗಾಳಿಯಿಲ್ಲ, ಹಾಗಾಗಿ ಹೊದಿಕೆ ಬಡಿದುಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡವೇ ಬೇಡ ಎಂದರು: ಇಲ್ಲಿನ 30 ಡಿಗ್ರಿ ಸೆಖೆಯಲ್ಲಿ ಹೊರಟು ಉತ್ತರದ ಚಳಿಗೆ ಹೋಗುವಾಗ ಒಳಗಿನ ಗಾಳಿಯ ತೇವ ತಗಡಿನ ಮೇಲೆ ಬೆವರಾಗಿ ಕೂರುತ್ತದೆ; ಪ್ಲಾಸ್ಟಿಕ್ಕು ಅದನ್ನು ಹಿಡಿದಿಡುತ್ತದೆ, ಹತ್ತಿ ಬಿಟ್ಟುಕೊಡುತ್ತದೆ. ಕೊಬ್ಬರಿ ಚೀಲದ ಮೇಲಿನ ತಾಡಪಾಲನ್ನು ಮಳೆ ನಿಂತ ಕೂಡಲೇ ಎತ್ತಿ ಗಾಳಿಯಾಡಿಸಿದ ಕೈ ಅದು.

ಚಿಕ್ಕನಾಯಕನಹಳ್ಳಿ, ಹುಳಿಯಾರು ದಾಟಿ ಹಿರಿಯೂರಿನಲ್ಲಿ ದೊಡ್ಡ ಹೆದ್ದಾರಿ ಸೇರುವವರೆಗೆ ನಾನೂ ಜೊತೆಗೆ ಹೋದೆ. ಚೆನ್ನೈಯಿಂದ ದೆಹಲಿಯವರೆಗೆ ಹೋಗುವ 48ನೇ ಹೆದ್ದಾರಿ ಅಲ್ಲಿ ಸಿಗುತ್ತದೆ. ಹೊರಟು ಅರ್ಧ ಗಂಟೆಗೆಲ್ಲ ಅವರು ರಸ್ತೆ ಬದಿಗೆ ನಿಲ್ಲಿಸಿ, ಬೀಗ ತೆಗೆದು ಒಳಗೆ ಹೋದರು. ಕಟ್ಟಿದ ಪಟ್ಟಿ ಮೊದಲ ಕುಲುಕಾಟಕ್ಕೆ ಹದಕ್ಕೆ ಕೂತು ಸ್ವಲ್ಪ ಸಡಿಲಾಗುತ್ತದೆ. ಅದನ್ನು ಅಲ್ಲೇ ಸರಿಮಾಡಿಕೊಂಡವರಿಗೆ ಮುಂದೆ ನಿಶ್ಚಿಂತೆ. ಒಂದು ಪಟ್ಟಿಗೆ ಎರಡು ಹಲ್ಲು ಬಿಗಿ ಕೊಟ್ಟು ಬಂದರು. ಆಮೇಲೆ ಪ್ರತಿ ಊಟಕ್ಕೆ, ಪ್ರತಿ ಟೀಗೆ ನಿಂತಾಗಲೂ ತಮಗಿಂತ ಮೊದಲು ಕಾರನ್ನು ನೋಡುವುದು ಅವರ ಕ್ರಮ. ಊರುಗಳ ಹಂಪುಗಳಲ್ಲಿ ಅವರ ಲಾರಿ ನಡಿಗೆಯ ವೇಗಕ್ಕೆ ಇಳಿಯುತ್ತಿತ್ತು. ಹಿಂದಿನವರು ಹಾರನ್ನು ಹೊಡೆದರೂ ಅವರು ಕನ್ನಡಿ ನೋಡಿ ಸುಮ್ಮನಾಗುತ್ತಿದ್ದರು. ಹೆದ್ದಾರಿಯಲ್ಲೂ ಎಲ್ಲರಿಗಿಂತ ಹಿಂದೆ. ಮುಂದೆ ಪುಣೆಗೆ ಮೊದಲು ಸಿಗುವ ಖಂಬಾಟ್ಕಿ ಘಾಟಿನಲ್ಲಿ ಇಳಿಯುವಾಗ ಬ್ರೇಕಿನ ಮೇಲೆ ಕಾಲಿಡುವುದಕ್ಕಿಂತ ಗೇರಿನಲ್ಲೇ ಹಿಡಿದು ಇಳಿಯಬೇಕೆಂದು, ಸಹಾಯಕ ಹುಡುಗನಿಗೆ ಹುಳಿಯಾರಿನಲ್ಲೇ ಪಾಠ ಮಾಡುತ್ತಿದ್ದರು. ಹಠಾತ್ ಬ್ರೇಕು ಹಾಕಿದರೆ ಲಾರಿಗೆ ಏನೂ ಆಗುವುದಿಲ್ಲ, ಒಳಗೆ ಕಟ್ಟಿ ಕೂತದ್ದಕ್ಕೆ ಗೊತ್ತಾಗುತ್ತದೆ ಎಂಬುದು ಪಾಠದ ಸಾರ.

ಕಾರು ಸುಖವಾಗಿ ಹೋಗಿ, ಸುಖವಾಗಿ ಹಿಂತಿರುಗಿತು. ಎರಡೂ ಕಡೆ ಆ ಸಹಿ ಹಾಕಿದ ಹಾಳೆ ಹಿಡಿದು, ಹಗಲು ಬೆಳಕಿನಲ್ಲಿ, ಸುತ್ತು ಹಾಕಿ ನೋಡಿಯೇ ಇಳಿಸಿಕೊಂಡರು. ಬರೆದಿದ್ದ ಗುರುತುಗಳ ಜೊತೆಗೆ ಹೊಸದೊಂದೂ ಸೇರಿರಲಿಲ್ಲ. ಈ ಕೆಲಸದ ಸ್ವಭಾವವೇ ಹೀಗೆ: ಚೆನ್ನಾಗಿ ಮಾಡಿದರೆ ಮಾಡಿದ ಗುರುತೇ ಉಳಿಯುವುದಿಲ್ಲ. ಬಣ್ಣ ಹೊಡೆದವರ ಕೆಲಸ ಹೊಳೆಯುತ್ತದೆ, ಎಂಜಿನು ಕಟ್ಟಿದವರ ಕೆಲಸ ಸದ್ದು ಮಾಡುತ್ತದೆ. ಹೊತ್ತು ತಂದವರ ಕೆಲಸ ಏನೂ ಆಗಲಿಲ್ಲ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಏನೂ ಆಗದಂತೆ ನೋಡಿಕೊಳ್ಳಲು ಎಷ್ಟು ಆಗಬೇಕಾಯಿತು ಎಂಬುದನ್ನು ಯಾರೂ ಕೇಳುವುದಿಲ್ಲ.

ಶ್ರೀರಂಗಪಟ್ಟಣದ ಬಳಿ, ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಿಂದ 'ಪಯಣ' ಎಂಬ ಕಾರುಗಳ ಸಂಗ್ರಹಾಲಯ ಎದ್ದಿದೆ. ನಮ್ಮ ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳನ್ನು ಹಾದು ಬರುವ 150ಎ ಹೆದ್ದಾರಿ ಹಿಡಿದರೆ ನಾಗಮಂಗಲದ ಮೇಲೆ ನೇರ ಶ್ರೀರಂಗಪಟ್ಟಣವೇ. ಅಲ್ಲಿ ಸಾಲಾಗಿ ನಿಂತ ಕಾರುಗಳ ನಡುವೆ ಓಡಾಡುವಾಗ ನನ್ನ ಕಣ್ಣು ಈಗ ಬೇರೆಯದನ್ನೇ ಹುಡುಕುತ್ತದೆ. ಇಂಥ ಪ್ರತಿಯೊಂದು ಹಳೆಯ ಕಾರೂ ಒಂದಲ್ಲ ಒಂದು ದಿನ ಯಾವುದೋ ಹಲಗೆಯ ಮೇಲೆ ಗೇಣು ಗೇಣಾಗಿ ಇಳಿದದ್ದೇ. ಯಾರೋ ಅದರ ಚಕ್ರಕ್ಕೆ ಅಡ್ಡೆ ಕೊಟ್ಟಿದ್ದಾರೆ, ಯಾರೋ ನಿದ್ದೆಗೆಟ್ಟು ಘಾಟಿ ಇಳಿಸಿದ್ದಾರೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಿಂದ ನಡೆಯುತ್ತಿರುವ ಹೆಸರಾಂತ ಸ್ಪರ್ಧೆಗೆ ಸಾಗರ ದಾಟಿ ಬರುವ ಕಾರುಗಳ ಕಥೆಯೂ ಇದೇ. ಹುಲ್ಲುಹಾಸಿನ ಮೇಲೆ ಅವು ಹೊಳೆಯುವ ಮೊದಲು ಹಡಗಿನ ಕಂಟೇನರೊಳಗೆ ಯಾರದೋ ಪಟ್ಟಿಯ ಬಿಗಿಯನ್ನು ನಂಬಿ ಕೂತಿರುತ್ತವೆ.

ಪ್ರದರ್ಶನಗಳಲ್ಲಿ ಕಾರಿನ ಮುಂದೆ ಒಂದು ಫಲಕ ನಿಲ್ಲಿಸುತ್ತಾರೆ. ತಯಾರಾದ ವರ್ಷ, ಎಂಜಿನಿನ ಗಾತ್ರ, ಮಾಲೀಕರ ಹೆಸರು; ದೊಡ್ಡ ಮನಸ್ಸಿನವರು ಅದನ್ನು ಸರಿಪಡಿಸಿದ ಮೇಸ್ತ್ರಿಯ ಹೆಸರನ್ನೂ ಬರೆಸುತ್ತಾರೆ. ಮುಂದಿನ ಪ್ರದರ್ಶನಕ್ಕೆ ಹೊರಟ ಫಿಯೆಟ್ಟಿನ ಫಲಕದಲ್ಲಿ ಮನೆಯವರು ಇನ್ನೊಂದು ಸಾಲು ಸೇರಿಸಿದರು: ಕಾರನ್ನು ಇಲ್ಲಿಗೆ ತಂದವರು ಇಂಥವರು ಎಂದು ಆ ಚಾಲಕರ ಹೆಸರು, ಅವರ ಸಹಾಯಕನ ಹೆಸರು, ಅವರ ಊರು. ನೋಡಲು ಬಂದವರು ಆ ಸಾಲನ್ನು ಓದಿ, ಇದೇನು ಎಂದು ಕೇಳಿದರಂತೆ. ಕೇಳಿದವರಿಗೆಲ್ಲ ಮನೆಯವರು ಚಕ್ರಕ್ಕೆ ಪಟ್ಟಿ ಕಟ್ಟುವ ಬಗೆಯನ್ನು ವಿವರಿಸಿದರಂತೆ. ಇದು ಒಂದು ಮನೆಯವರ ಉಪಕಾರಸ್ಮರಣೆಯಾಗಿ ನಿಲ್ಲಬಾರದು, ಎಲ್ಲ ಪ್ರದರ್ಶನಗಳ ರೂಢಿಯಾಗಬೇಕು. ಒಂದು ಕಾರು ಅರವತ್ತು ವರ್ಷ ಉಳಿಯುವುದು ಮಾಡಿದವರಿಂದ, ಕೊಂಡವರಿಂದ, ರಿಪೇರಿ ಮಾಡಿದವರಿಂದ ಮಾತ್ರ ಅಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅದನ್ನು ಇಡಿಯಾಗಿ ತಲುಪಿಸಿದವರಿಂದಲೂ ಹೌದು. ಸಂಘಟಕರಿಗೆ ಇದರಿಂದ ಒಂದು ಕಾಸಿನ ಖರ್ಚಿಲ್ಲ. ಫಲಕದಲ್ಲಿ ಒಂದು ಸಾಲಿನ ಜಾಗ ಬಿಟ್ಟರೆ ಸಾಕು, ಹೆಸರು ತುಂಬುವ ಕೆಲಸ ಕಾರಿನವರದು.